ಫಾರಂನಲ್ಲಿ ‘ಹೌದು’ ಅಂತ ಬರೆದವರು

ಟೈಪ್ 1 ಡಯಾಬಿಟಿಸ್ ಇಟ್ಕೊಂಡು ಬೆಟ್ಟ, ಸಮುದ್ರ, ಆಕಾಶ ಸುತ್ತಿದವರ ಇತಿಹಾಸ. ಒಟ್ಟು 9 ಕ್ಯಾಪ್ಷನ್. ಉದ್ದ ಇದೆ, ಬಸ್ಸಲ್ಲಿ ಕೂತಾಗ ಓದ್ಕೊಳ್ಳಿ.

1/9

ರಾಬಿನ್ ಲಾರೆನ್ಸ್ ಅಂತ ಲಂಡನ್ನಿನ ಒಬ್ಬ ಯುವ ಡಾಕ್ಟರ್. 1920ರಲ್ಲಿ ಆಪರೇಷನ್ ಅಭ್ಯಾಸ ಮಾಡುವಾಗ ಮೂಳೆಯ ಚೂರೊಂದು ಸಿಡಿದು ಅವರ ಕಣ್ಣಿಗೆ ಬಿತ್ತು. ಕಣ್ಣಿಗೆ ಸೋಂಕಾಯ್ತು. ಅದಕ್ಕೆ ಅಂತ ಪರೀಕ್ಷೆ ಮಾಡಿದಾಗ ಗೊತ್ತಾಗಿದ್ದು ಬೇರೆಯೇ ಸುದ್ದಿ: ಡಯಾಬಿಟಿಸ್. ವಯಸ್ಸು ಇನ್ನೂ ಮೂವತ್ತು ದಾಟಿರಲಿಲ್ಲ.

ಆಗ ಇನ್ಸುಲಿನ್ ಅನ್ನೋದೇ ಇರಲಿಲ್ಲ. ಹಾಗಾಗಿ ಆ ಸುದ್ದಿಗೆ ಇದ್ದಿದ್ದು ಒಂದೇ ಅರ್ಥ. ಮನೆಯವರ ಕಣ್ಣೆದುರಿಗೆ ಸಾಯೋದು ಬೇಡ ಅಂತ ಲಾರೆನ್ಸ್ ಇಟಲಿಯ ಫ್ಲಾರೆನ್ಸ್ ನಗರಕ್ಕೆ ಹೋಗಿಬಿಟ್ಟರು. ಅಲ್ಲಿದ್ದ ಇಂಗ್ಲಿಷ್ ಜನಕ್ಕೆ ಔಷಧಿ ಕೊಡ್ತಾ ದಿನ ದೂಡ್ತಿದ್ದರು. 1923ರಲ್ಲಿ ಲಂಡನ್ನಿನಿಂದ ಗೆಳೆಯ ಹ್ಯಾರಿಸನ್ ಒಂದು ಸಂದೇಶ ಕಳಿಸಿದರು. ಇನ್ಸುಲಿನ್ ಸಿಕ್ಕಿದೆ, ಅದು ಕೆಲಸ ಮಾಡ್ತಿದೆ, ಬೇಗ ವಾಪಸ್ ಬಾ ಅನ್ನೋದು ಅದರ ಸಾರ.

ನಿಲ್ಲೋಕೂ ಶಕ್ತಿ ಇಲ್ಲದ ಆ ಮನುಷ್ಯ ಕಾರು ಹತ್ತಿ ಹೊರಟರು. ಫ್ಲಾರೆನ್ಸಿನಿಂದ ಲಂಡನ್ನಿಗೆ ಸಾವಿರದೈನೂರು ಕಿ.ಮೀ. ಆಸುಪಾಸು, ಮಧ್ಯೆ ಸಮುದ್ರ ಬೇರೆ. ಮೇ 28ಕ್ಕೆ ಲಂಡನ್ ಮುಟ್ಟಿದರು, ಮೇ 31ಕ್ಕೆ ಮೊದಲ ಇಂಜೆಕ್ಷನ್. ಆಮೇಲೆ ಅವರು ಬದುಕಿದ್ದು 1968ರವರೆಗೆ.

ನನ್ನ ಪ್ರಕಾರ ಟೈಪ್ 1 ಇಟ್ಕೊಂಡು ಮಾಡಿದ ಮೊದಲ ದೊಡ್ಡ ರೋಡ್ ಟ್ರಿಪ್ ಇದೇ. ಯಾವ ದಾಖಲೆ ಪುಸ್ತಕದಲ್ಲೂ ಇದನ್ನ ಹಾಗೆ ಬರೆದಿಲ್ಲ, ಆದ್ರೂ ನಾನು ಹಾಗೇ ಲೆಕ್ಕ ಹಾಕ್ತೀನಿ.

2/9

ಗೊತ್ತಿಲ್ಲದವರಿಗೆ ಎರಡು ಮಾತು. ಟೈಪ್ 1 ಅಂದ್ರೆ ನಿಮ್ಮ ಅಜ್ಜಿಗೆ ಇರೋ ಶುಗರ್ ಅಲ್ಲ. ಸ್ವೀಟ್ ತಿಂದು ಬರೋದೂ ಅಲ್ಲ. ದೇಹದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ, ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸೋ ಜೀವಕೋಶಗಳನ್ನ ಕೊಂದು ಹಾಕುತ್ತೆ. ಇನ್ಸುಲಿನ್ ಇಲ್ಲದೆ ರಕ್ತದಲ್ಲಿರೋ ಸಕ್ಕರೆ ಜೀವಕೋಶದೊಳಗೆ ಹೋಗಲ್ಲ. ಊಟ ಎದುರಿಗಿದ್ದೂ ಮೈ ಉಪವಾಸ. ಅದಕ್ಕೇ ಹೊರಗಿಂದ ಚುಚ್ಚಿಕೊಳ್ಳಬೇಕು, ದಿನಾ, ಜೀವನಪೂರ್ತಿ. ಕಮ್ಮಿ ಚುಚ್ಚಿಕೊಂಡ್ರೆ ಸಕ್ಕರೆ ಏರುತ್ತೆ. ಜಾಸ್ತಿ ಆದ್ರೆ, ಇಲ್ಲಾ ಬೆಟ್ಟ ಹತ್ತಿ ಸಕ್ಕರೆ ಖರ್ಚಾದ್ರೆ, ‘ಲೋ’ ಆಗುತ್ತೆ. ಕೈ ನಡುಗುತ್ತೆ, ಬೆವರು, ತಲೆ ಓಡಲ್ಲ, ಇನ್ನೂ ಇಳಿದ್ರೆ ಪ್ರಜ್ಞೆ ಹೋಗುತ್ತೆ. ಮುಂದೆ ಹೇಳೋ ಎಲ್ಲಾ ನಿಷೇಧಗಳ ಹಿಂದೆ ಇರೋದು ಈ ‘ಲೋ’ ಭಯವೇ. ಭಯ ಸುಳ್ಳಲ್ಲ ಅನ್ನೋದನ್ನ ಮೊದಲೇ ಹೇಳಿಬಿಡ್ತೀನಿ.

ಇನ್ಸುಲಿನ್ ಸಿಕ್ಕಿದ್ದು ಕೆನಡಾದ ಟೊರೊಂಟೊದಲ್ಲಿ, 1921ರಲ್ಲಿ. ಬ್ಯಾಂಟಿಂಗ್, ಬೆಸ್ಟ್, ಮೆಕ್ಲಿಯೋಡ್, ಕಾಲಿಪ್, ಈ ನಾಲ್ಕು ಹೆಸರು ನೆನಪಿಟ್ಟುಕೊಳ್ಳಿ. 1922ರ ಜನವರಿ 11ಕ್ಕೆ ಲಿಯೊನಾರ್ಡ್ ಥಾಂಪ್ಸನ್ ಅನ್ನೋ 14 ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಔಷಧಿ ಅಷ್ಟು ಶುದ್ಧ ಇರಲಿಲ್ಲ, ಸರಿ ಹೋಗಲಿಲ್ಲ. ಕಾಲಿಪ್ ಅದನ್ನ ಶುದ್ಧ ಮಾಡಿದ ಮೇಲೆ ಜನವರಿ 23ಕ್ಕೆ ಮತ್ತೆ ಕೊಟ್ಟರು, ಹುಡುಗ ಚೇತರಿಸಿಕೊಂಡ.

ಅದೇ ವರ್ಷ ಆಗಸ್ಟಲ್ಲಿ ಎಲಿಜಬೆತ್ ಹ್ಯೂಸ್ ಟೊರೊಂಟೊಗೆ ಬಂದಳು. ಅಪ್ಪ ಅಮೆರಿಕದ ವಿದೇಶಾಂಗ ಮಂತ್ರಿ. ಇವಳಿಗೆ 11ನೇ ವಯಸ್ಸಿಂದ ಡಯಾಬಿಟಿಸ್. ಆಗಿನ ಚಿಕಿತ್ಸೆ ಏನು ಗೊತ್ತಾ? ಉಪವಾಸ. ಡಾಕ್ಟರ್ ಅಲೆನ್ ಅನ್ನೋರ ಪದ್ಧತಿ ಪ್ರಕಾರ ಜೀವ ಹಿಡಿದಿಡೋಕೆ ಎಷ್ಟು ಬೇಕೋ ಅಷ್ಟೇ ಊಟ. ಹದಿನೈದು ತುಂಬೋ ಹೊತ್ತಿಗೆ ಅವಳ ತೂಕ ಸುಮಾರು 20 ಕೆಜಿ. ಇನ್ಸುಲಿನ್ ಶುರುವಾದ ಮೇಲೆ ಮೈ ತುಂಬಿಕೊಂಡಳು, ಮದುವೆ ಆಯ್ತು, ಮಕ್ಕಳಾದ್ರು, 1981ರವರೆಗೆ ಬದುಕಿದಳು.

ಆದ್ರೆ ಒಂದು ವಿಷಯ ಗಮನಿಸಿ. ದೊಡ್ಡವಳಾದ ಮೇಲೆ ಅವಳು ತನ್ನ ಕಾಯಿಲೆಯನ್ನ ಮುಚ್ಚಿಟ್ಟಳು. ಹತ್ತಿರದ ಕೆಲವರಿಗೆ ಬಿಟ್ರೆ ಯಾರಿಗೂ ಗೊತ್ತಿರಲಿಲ್ಲ. ಜಗತ್ತಿನಲ್ಲಿ ಇನ್ಸುಲಿನ್ನಿಂದ ಬದುಕಿದ ಮೊದಲಿಗರಲ್ಲಿ ಒಬ್ಬಳು, ಅದನ್ನ ಗುಟ್ಟಾಗಿಟ್ಟು ಅರ್ಧ ಶತಮಾನಕ್ಕಿಂತ ಜಾಸ್ತಿ ಬಾಳಿದಳು. ನಾನು ಅವಳನ್ನ ತಪ್ಪು ಅನ್ನಲ್ಲ. ಈ ಇತಿಹಾಸದಲ್ಲಿ ಎರಡು ದಾರಿ ಇವೆ, ಮುಚ್ಚಿಡೋದು ಮತ್ತೆ ಹೇಳೋದು. ಅವಳು ಮೊದಲನೇ ದಾರಿ.

3/9

ಲಾರೆನ್ಸ್ ಎರಡನೇ ದಾರಿ. ಬದುಕಿ ಬಂದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ವ್ಯಾಯಾಮ ಮಾಡಿದಾಗ ಅದೇ ಡೋಸ್ ಇನ್ಸುಲಿನ್ ಜಾಸ್ತಿ ಕೆಲಸ ಮಾಡುತ್ತೆ ಅನ್ನೋದನ್ನ 1926ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಇವತ್ತು ಟ್ರೆಕ್ಕಿಂಗ್‌ಗೆ ಹೋಗೋ ಮುಂಚೆ ಡೋಸ್ ಇಳಿಸೋ ಪ್ರತಿಯೊಬ್ಬರೂ ಆ ಮಾತನ್ನೇ ಪಾಲಿಸ್ತಿದಾರೆ. 1934ರಲ್ಲಿ ಕಾದಂಬರಿಕಾರ ಎಚ್. ಜಿ. ವೆಲ್ಸ್ ಜೊತೆ ಸೇರಿ ಡಯಾಬಿಟಿಸ್ ಇರುವವರದೇ ಒಂದು ಸಂಘ ಕಟ್ಟಿದರು. ವೆಲ್ಸ್‌ಗೂ ಡಯಾಬಿಟಿಸ್ ಇತ್ತು.

ಆ ಕಾಲದಲ್ಲಿ ಊರು ಬಿಟ್ಟು ಹೋಗೋದು ಅಂದ್ರೆ ಲಗೇಜ್ ಹೇಗಿರ್ತಿತ್ತು ಊಹಿಸಿ. ಗಾಜಿನ ಸಿರಿಂಜು, ಪ್ರತಿ ಸಲ ಕುದಿಸಬೇಕು. ದಪ್ಪ ಸೂಜಿ, ಮೊಂಡಾದ್ರೆ ಕಲ್ಲಿಗೆ ಉಜ್ಜಿ ಚೂಪು ಮಾಡಬೇಕು. ಸಕ್ಕರೆ ನೋಡೋಕೆ ಬೆನೆಡಿಕ್ಟ್ ದ್ರಾವಣ. ಹೌದು, ಸೈನ್ಸ್ ಲ್ಯಾಬಲ್ಲಿ ನೋಡಿದ್ದೀರಲ್ಲ, ಕಾಯಿಸಿದ್ರೆ ನೀಲಿ ಹೋಗಿ ಹಸಿರು, ಆಮೇಲೆ ಇಟ್ಟಿಗೆ ಕೆಂಪು. ಅದೇ. ಮೂತ್ರ ಹಾಕಿ ಕಾಯಿಸಬೇಕು. ಅದೂ ಹೇಳೋದು ಕೆಲವು ಗಂಟೆ ಹಿಂದಿನ ಕಥೆ, ಈ ಕ್ಷಣದ್ದಲ್ಲ. ‘ಲೋ’ ಆಗ್ತಿದೆಯಾ ಅಂತ ಅದು ಹೇಳೋದೇ ಇಲ್ಲ.

ಹೀಗಿದ್ದೂ 1929ರಲ್ಲಿ ಅಮೆರಿಕದ ಒಹಾಯೊದಲ್ಲಿ ಹೆನ್ರಿ ಜಾನ್ ಅನ್ನೋ ಡಾಕ್ಟರು ತಮ್ಮ ಬೇಸಿಗೆ ಮನೆಯ ಹತ್ತಿರ ಡಯಾಬಿಟಿಸ್ ಮಕ್ಕಳಿಗೆ ಕ್ಯಾಂಪ್ ಶುರು ಮಾಡಿದರು. ಹೋ ಮಿಟಾ ಕೋಡಾ ಅಂತ ಅದರ ಹೆಸರು. ಮಕ್ಕಳು ಮನೆ ಬಿಟ್ಟು, ಕಾಡಲ್ಲಿದ್ದು, ನೀರಲ್ಲಿ ಆಡಿ, ಹೊತ್ತುಹೊತ್ತಿಗೆ ಇಂಜೆಕ್ಷನ್ ತಗೊಂಡು ವಾಪಸ್ ಹೋಗೋರು.

ಸುಮಾರು ಅದೇ ಸಮಯಕ್ಕೆ ಸಿನ್ಸಿನಾಟಿಯಲ್ಲಿ ಬಿಲ್ ಟಾಲ್ಬರ್ಟ್ ಅನ್ನೋ ಹತ್ತು ವರ್ಷದ ಹುಡುಗನಿಗೆ ಟೈಪ್ 1 ಬಂತು. ಆಟ ಬೇಡ ಅಂದರು. ಕೆಲವು ವರ್ಷ ಬರೀ ನೋಡ್ತಾ ಕೂತ ಮೇಲೆ, ಸರಿ, ಟೆನಿಸ್ ಆಡಲಿ ಅಂತ ಡಾಕ್ಟರು ಒಪ್ಪಿದರು. ಆ ಹುಡುಗ ಮುಂದೆ ಗಾರ್ಡ್ನರ್ ಮಲಾಯ್ ಜೊತೆ ಅಮೆರಿಕದ ರಾಷ್ಟ್ರೀಯ ಡಬಲ್ಸ್ ಪ್ರಶಸ್ತಿಯನ್ನ ನಾಲ್ಕು ಸಲ ಗೆದ್ದರು: 1942, 45, 46, 48. ಗ್ಲೂಕೋಮೀಟರ್ ಇಲ್ಲದೆ! ಕೋರ್ಟಲ್ಲಿ ತನ್ನ ಸಕ್ಕರೆ ಎಷ್ಟಿದೆ ಅಂತ ತಿಳಿಯೋಕೆ ಅವರಿಗಿದ್ದ ಉಪಕರಣ ಅವರ ಮೈಯಷ್ಟೇ.

4/9

ಪ್ರಯಾಣ ಅಂದ್ರೆ ಯಾವಾಗಲೂ ಇಷ್ಟಪಟ್ಟು ಹೋಗೋದಲ್ಲ. ಈವಾ ಸ್ಯಾಕ್ಸ್‌ಲ್ ಕಥೆ ಇಲ್ಲಿ ಬರಲೇಬೇಕು.

ಈವಾ ಮತ್ತೆ ಗಂಡ ವಿಕ್ಟರ್ ಚೆಕೊಸ್ಲೊವಾಕಿಯಾದ ಯಹೂದಿಗಳು. ನಾಜಿಗಳಿಂದ ತಪ್ಪಿಸ್ಕೊಂಡು ಚೀನಾದ ಶಾಂಘೈ ಸೇರಿದರು. ಅಲ್ಲಿ ಈವಾಗೆ ಡಯಾಬಿಟಿಸ್ ಶುರುವಾಯ್ತು. 1941ರ ಕೊನೆಗೆ ಪೆಸಿಫಿಕ್ ಯುದ್ಧ ಶುರುವಾಗಿ ಜಪಾನಿ ಸೈನ್ಯ ಇಡೀ ನಗರ ಹಿಡಿದಾಗ ಔಷಧಿ ಅಂಗಡಿಗಳು ಮುಚ್ಚಿದವು. ಇನ್ಸುಲಿನ್ ಕಾಳಸಂತೆಗೆ ಹೋಯ್ತು, ಚಿನ್ನದ ಬೆಲೆ. ಅದರಲ್ಲೂ ಕಲಬೆರಕೆ.

ಗಂಡ ಹೆಂಡತಿ ಇಬ್ಬರೂ ಡಾಕ್ಟರಲ್ಲ, ವಿಜ್ಞಾನಿಗಳೂ ಅಲ್ಲ. ಒಂದು ವೈದ್ಯಕೀಯ ಪುಸ್ತಕದಲ್ಲಿ ಬ್ಯಾಂಟಿಂಗ್ ಮತ್ತೆ ಬೆಸ್ಟ್ ಇನ್ಸುಲಿನ್ ತೆಗೆದ ವಿಧಾನ ಸಿಕ್ತು. ಚೀನೀ ರಸಾಯನಶಾಸ್ತ್ರಜ್ಞರೊಬ್ಬರು ಲ್ಯಾಬ್ ಕೊಟ್ಟರು. ಎಮ್ಮೆಗಳ ಮೇದೋಜ್ಜೀರಕ ತಂದು, ಅದರಿಂದ ಇನ್ಸುಲಿನ್ ತೆಗೆಯೋಕೆ ಕೂತರು. ಮೊದಲು ಮೊಲಗಳ ಮೇಲೆ ಪರೀಕ್ಷೆ. ಆಮೇಲೆ ಈವಾ ಮೇಲೆ. ಕಂದು ಬಣ್ಣದ ಇನ್ಸುಲಿನ್ ಅದು. ಕೆಲಸ ಮಾಡ್ತು. ಯುದ್ಧ ಮುಗಿಯೋವರೆಗೆ ಶಾಂಘೈನಲ್ಲಿದ್ದ ನೂರಾರು ಡಯಾಬಿಟಿಸ್ ರೋಗಿಗಳಿಗೂ ಅದನ್ನೇ ಹಂಚಿದರು.

ನಾವು ಟ್ರಿಪ್ ಹೋಗುವಾಗ ಬೇಕಾದ್ದರ ಎರಡರಷ್ಟು ಇನ್ಸುಲಿನ್ ತಗೊಂಡು ಹೋಗು ಅಂತ ಡಾಕ್ಟರು ಹೇಳ್ತಾರಲ್ಲ, ಆಗೆಲ್ಲ ನನಗೆ ಈವಾ ನೆನಪಾಗ್ತಾರೆ. ಆ ಕಡೆ ಅಂಗಡಿ ತೆರೆದಿರುತ್ತೆ ಅನ್ನೋದು ಒಂದು ನಂಬಿಕೆ, ಅಷ್ಟೇ.

5/9

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಕಾಮರ್ಸ್ ಓದೋರಿಗೆ ಇದು ಜಾಸ್ತಿ ಅರ್ಥ ಆಗುತ್ತೆ, ಯಾಕಂದ್ರೆ ಇದು ಲೆಕ್ಕದ ಪುಸ್ತಕ ಯಾರ ಕೈಲಿರಬೇಕು ಅನ್ನೋ ಜಗಳ.

1970ರ ಹೊತ್ತಿಗೆ ಏಮ್ಸ್ ಅನ್ನೋ ಅಮೆರಿಕನ್ ಕಂಪನಿ ರಕ್ತದ ಸಕ್ಕರೆ ಅಳೆಯೋ ಯಂತ್ರ ತಂತು. ತೂಕ ಒಂದು ಕೆಜಿಗಿಂತ ಜಾಸ್ತಿ, ಬೆಲೆ ಸುಮಾರು 500 ಡಾಲರ್. ಅದು ಮಾಡಿದ್ದು ಆಸ್ಪತ್ರೆಗೆ ಮತ್ತೆ ಡಾಕ್ಟರಿಗೆ. ರೋಗಿಗೆ ಮಾರಲ್ಲ. ರೋಗಿಗೆ ತನ್ನ ರಕ್ತದ ನಂಬರ್ ಯಾಕೆ ಬೇಕು ಅನ್ನೋದು ಆಗಿನ ಯೋಚನೆ.

ರಿಚರ್ಡ್ ಬರ್ನ್‌ಸ್ಟೈನ್ ಅಂತ ಒಬ್ಬ ಎಂಜಿನಿಯರ್. 12ನೇ ವಯಸ್ಸಿಂದ ಟೈಪ್ 1. ಮೈ ಆಗಲೇ ಹಾಳಾಗ್ತಾ ಬಂದಿತ್ತು. ಈ ಯಂತ್ರದ ಜಾಹೀರಾತು ನೋಡಿದರು, ಕೇಳಿದರು, ಕೊಡಲ್ಲ ಅಂದರು. ಅವರ ಹೆಂಡತಿ ಡಾಕ್ಟರ್. ಹೆಂಡತಿ ಹೆಸರಲ್ಲಿ ತರಿಸಿದರು. ದಿನಕ್ಕೆ ಹಲವು ಸಲ ಬೆರಳು ಚುಚ್ಚಿ, ಏನು ತಿಂದೆ, ಎಷ್ಟು ಚುಚ್ಚಿಕೊಂಡೆ, ಎಷ್ಟು ಬಂತು ಅಂತ ಬರೆದಿಟ್ಟರು. ಡಾಕ್ಟರುಗಳು ಆಸ್ಪತ್ರೆಯಲ್ಲಿ ಯಾವಾಗಲೋ ಒಮ್ಮೆ ನೋಡ್ತಿದ್ದ ನಂಬರನ್ನ ಇವರು ಮನೆಯಲ್ಲಿ ಗಂಟೆಗಂಟೆಗೆ ನೋಡಿದರು. ತಮ್ಮ ಅನುಭವ ಬರೆದು ವೈದ್ಯಕೀಯ ಪತ್ರಿಕೆಗಳಿಗೆ ಕಳಿಸಿದ್ರೆ ವಾಪಸ್ ಬಂತು. ನೀನು ಡಾಕ್ಟರಲ್ಲ ಅಂತ ತಾನೇ ಕೇಳಲ್ಲ? ಸರಿ, ಡಾಕ್ಟರೇ ಆಗ್ತೀನಿ ಅಂತ 45ನೇ ವಯಸ್ಸಲ್ಲಿ ಮೆಡಿಕಲ್ ಕಾಲೇಜಿಗೆ ಸೇರಿದರು. ಆದರು ಕೂಡ.

ಬರ್ನ್‌ಸ್ಟೈನ್ ಆಮೇಲೆ ಹೇಳಿದ ಊಟದ ಪದ್ಧತಿ ಬಗ್ಗೆ ಡಾಕ್ಟರುಗಳಲ್ಲೇ ವಾದ ಇದೆ, ಅದು ಬೇರೆ ಮಾತು. ಆದ್ರೆ ಆ ಯಂತ್ರ ಲ್ಯಾಬಿಂದ ಅಡುಗೆಮನೆಗೆ, ಅಲ್ಲಿಂದ ಜೇಬಿಗೆ ಬಂತಲ್ಲ, ಅದು ಆಗದೇ ಇದ್ದಿದ್ರೆ ಮುಂದಿನ ಯಾವ ಕ್ಯಾಪ್ಷನ್ನೂ ಇರ್ತಿರಲಿಲ್ಲ. 1963ರಲ್ಲೇ ಅರ್ನಾಲ್ಡ್ ಕಡಿಶ್ ಅನ್ನೋ ಡಾಕ್ಟರು ಇನ್ಸುಲಿನ್ ಪಂಪ್ ಮಾಡಿದ್ದರು, ಅದು ಬೆನ್ನಿಗೆ ಹಾಕೋ ದೊಡ್ಡ ಬ್ಯಾಗಿನಷ್ಟಿತ್ತು. ಅದನ್ನ ಹೊತ್ಕೊಂಡು ಯಾರೂ ಬೆಟ್ಟ ಹತ್ತಲಿಲ್ಲ, ಪಾಪ. ಈಗಿನ ಪಂಪು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. 1985ರಲ್ಲಿ ಇನ್ಸುಲಿನ್ ಪೆನ್ ಬಂತು, ಸಿರಿಂಜು ಕುದಿಸೋ ಕಾಲ ಮುಗೀತು.

6/9

ಮೇಲಿನ ಫೋಟೋ ಮುರುಡೇಶ್ವರದ್ದು. ದೋಣಿ ಹೊರಡೋ ಮುಂಚೆ ತೆಗೆದಿದ್ದು. ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಡೈವಿಂಗ್ ಮಾಡಿಸ್ತಾರಲ್ಲ, ಅಲ್ಲಿಗೆ ನಮ್ಮ ಗ್ಯಾಂಗ್ ಹೋಗಿತ್ತು. ಡೈವಿಂಗ್‌ಗೆ ಮುಂಚೆ ಒಂದು ಆರೋಗ್ಯದ ಫಾರಂ ತುಂಬಿಸ್ತಾರೆ. ಡಯಾಬಿಟಿಸ್ ಇದೆಯಾ? ಹೌದು, ಇಲ್ಲ. ಗೆಳೆಯರು ಹೇಳಿದ್ದು ಒಂದೇ ಮಾತು: “ಮಗಾ, ‘ಇಲ್ಲ’ ಅಂತ ಟಿಕ್ ಮಾಡು, ಯಾರು ನೋಡ್ತಾರೆ.” ಪ್ರೀತಿಯಿಂದಲೇ ಹೇಳಿದ್ದು. ನಾನು ‘ಹೌದು’ ಅಂತ ಬರೆದೆ. ಡಾಕ್ಟರ ಪತ್ರ ಇಲ್ಲದೆ ಆಗಲ್ಲ ಅಂದರು. ಅವರು ನೀರಿಗಿಳಿದರು, ನಾನು ದೋಣಿಯಲ್ಲಿ ಎಲ್ಲರ ಚಪ್ಪಲಿ ಕಾಯ್ತಾ ಕೂತೆ. ಎಂಟನೇ ಕ್ಲಾಸಿಂದ ನನಗೆ ಟೈಪ್ 1, ಚಪ್ಪಲಿ ಕಾಯೋದು ಹೊಸದೇನಲ್ಲ.

ಕೋಪ ಬಂತು, ಸುಳ್ಳು ಯಾಕೆ ಹೇಳಲಿ. ಆ ಕೋಪದಲ್ಲೇ ಈ ಇತಿಹಾಸ ಹುಡುಕೋಕೆ ಶುರು ಮಾಡಿದ್ದು. ಸಿಕ್ಕಿದ್ದು ಇದು.

ಬ್ರಿಟನ್ನಿನ ಸಬ್-ಆಕ್ವಾ ಕ್ಲಬ್ ಡೈವಿಂಗ್ ಲೋಕದ ದೊಡ್ಡ ಸಂಸ್ಥೆ. 1975ರವರೆಗೆ ಅಲ್ಲಿ ಟೈಪ್ 1 ಇದ್ದವರೂ ಡೈವ್ ಮಾಡಬಹುದಿತ್ತು. 1975ರಲ್ಲಿ ಅಂಥ ಒಬ್ಬ ಡೈವರ್‌ಗೆ ಅವಘಡ ಆಯ್ತು. ಕ್ಲಬ್ ಇನ್ಸುಲಿನ್ ತಗೊಳ್ಳೋ ಎಲ್ಲರನ್ನೂ ನಿಷೇಧಿಸಿತು. ಒಬ್ಬರ ಲೆಕ್ಕ ತಪ್ಪಿದ್ದಕ್ಕೆ ಇಡೀ ಖಾತೆಯನ್ನೇ ಮುಚ್ಚಿದ ಹಾಗೆ. ಅದು ತೆರೆಯೋಕೆ 1991 ಬರಬೇಕಾಯ್ತು.

ತೆರೆದಿದ್ದು ಹೇಗೆ ಅನ್ನೋದು ಮುಖ್ಯ. ಘೋಷಣೆ ಕೂಗಿ ಅಲ್ಲ. ಷರತ್ತಿನ ಮೇಲೆ: ಕಾಯಿಲೆ ಹತೋಟಿಯಲ್ಲಿರಬೇಕು, ಪ್ರತಿ ವರ್ಷ ವೈದ್ಯರ ಫಾರಂ ಕೊಡಬೇಕು, ಡೈವ್‌ಗಳ ವಿವರ ಒಪ್ಪಿಸಬೇಕು. ಆ ವಿವರಗಳು ವರ್ಷಗಟ್ಟಲೆ ಒಟ್ಟುಗೂಡಿದವು, ಅದನ್ನ ಇಟ್ಕೊಂಡು ಕ್ರಿಸ್ ಎಡ್ಜ್ ಥರದ ವೈದ್ಯರು ಪ್ರಬಂಧ ಬರೆದರು. 2005ರಲ್ಲಿ ಅಮೆರಿಕದಲ್ಲಿ ತಜ್ಞರು ಸೇರಿ ನಿಯಮ ಮಾಡಿದರು: ಇಳಿಯೋ ಮುಂಚೆ ಮೂರು ಸಲ ಸಕ್ಕರೆ ನೋಡು, ಒಂದು ಗಂಟೆ ಮುಂಚೆ, ಅರ್ಧ ಗಂಟೆ ಮುಂಚೆ, ಆಮೇಲೆ ಇಳಿಯೋ ಹೊತ್ತಿಗೆ. 150ಕ್ಕಿಂತ ಮೇಲಿರಬೇಕು, ಇಳೀತಾ ಇರಬಾರದು.

ಈಗ ಯೋಚನೆ ಮಾಡಿ. ಆ 16 ವರ್ಷದಲ್ಲಿ ಎಷ್ಟು ಜನ ‘ಇಲ್ಲ’ ಅಂತ ಬರೆದು ಗುಟ್ಟಾಗಿ ಇಳಿದಿರಬಹುದು? ಇಳಿದಿರ್ತಾರೆ, ಸಂಶಯ ಇಲ್ಲ. ಆದ್ರೆ ಅವರು ಸುರಕ್ಷಿತವಾಗಿ ಮೇಲೆ ಬಂದ ಒಂದೊಂದು ಡೈವೂ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಗುಟ್ಟಲ್ಲಿ ಇಳಿದವನ ಅವಘಡ ಮಾತ್ರ ಹೊರಗೆ ಕಾಣುತ್ತೆ, ಯಶಸ್ಸು ಕಾಣಲ್ಲ. ‘ಹೌದು’ ಅಂತ ಬರೆದವರ ನಂಬರುಗಳೇ ಆ ಬಾಗಿಲು ತೆಗೆಸಿದ್ದು.

7/9

ಆಕಾಶದ ಕಥೆಯೂ ಇದೇ, ಇನ್ನೂ ನಿಧಾನ.

ಡಗ್ಲಸ್ ಕೇರ್ನ್ಸ್ ಬ್ರಿಟನ್ನಿನ ವಾಯುಪಡೆಯಲ್ಲಿ ಜೆಟ್ ವಿಮಾನ ಹಾರಿಸೋದನ್ನ ಕಲಿಸ್ತಿದ್ದವರು. 1989ರಲ್ಲಿ ಟೈಪ್ 1 ಬಂತು. ಹಾರಾಟ ಅಲ್ಲಿಗೆ ಬಂದ್. ಇವರ ವಿಷಯದಲ್ಲಿ ‘ಹೌದು’ ಅನ್ನೋದು ಅನ್ನಕ್ಕೇ ಕುತ್ತು ತಂತು, ಅದನ್ನ ನಾವು ಮರೆಯಬಾರದು. ಹೇಳಿಬಿಡಿ, ಒಳ್ಳೇದಾಗುತ್ತೆ ಅಂತ ಬೋಧನೆ ಮಾಡೋದು ಸುಲಭ. ಬೆಲೆ ತೆರೋದು ಹೇಳಿದವರು.

ಅಮೆರಿಕದ ವಿಮಾನಯಾನ ಆಡಳಿತ 1996ರಲ್ಲಿ ಇನ್ಸುಲಿನ್ ತಗೊಳ್ಳೋರಿಗೆ ಖಾಸಗಿ ವಿಮಾನ ಹಾರಿಸೋಕೆ ಬಿಟ್ಟಿತು. ಹೊರಡೋ ಅರ್ಧ ಗಂಟೆ ಮುಂಚೆ ಸಕ್ಕರೆ ನೋಡಬೇಕು, ಹಾರುವಾಗ ಗಂಟೆಗೊಂದು ಸಲ, ಇಳಿಯೋಕೆ ಅರ್ಧ ಗಂಟೆ ಇದ್ದಾಗ ಮತ್ತೆ. ನಂಬರ್ 100ರಿಂದ 300ರ ಮಧ್ಯೆ ಇರಬೇಕು. ಕೆಳಗಿದ್ರೆ ತಿನ್ನು, ಮೇಲಿದ್ರೆ ಹತ್ತಿರದ ಕಡೆ ಇಳಿಸು. ಒಂದು ಕೈಯಲ್ಲಿ ವಿಮಾನ, ಇನ್ನೊಂದು ಕೈಯಲ್ಲಿ ಗ್ಲೂಕೋಮೀಟರ್.

ಕೇರ್ನ್ಸ್ ಅಮೆರಿಕನ್ ಲೈಸೆನ್ಸ್ ತಗೊಂಡರು. 2002ರಲ್ಲಿ ಸಣ್ಣ ವಿಮಾನದಲ್ಲಿ ಹೊರಟು 2003ರಲ್ಲಿ ಪ್ರಪಂಚ ಸುತ್ತಿ ಮುಗಿಸಿದರು. ಟೈಪ್ 1 ಇದ್ದು ಹಾಗೆ ಮಾಡಿದ ಮೊದಲ ಪೈಲಟ್. ದಾರಿಯುದ್ದಕ್ಕೂ ಬೆರಳು ಚುಚ್ಚಿ ಬರೆದಿಟ್ಟ ನಂಬರುಗಳೇ ಅವರ ನಿಜವಾದ ಲಗೇಜು ಅನ್ಸುತ್ತೆ ನನಗೆ.

ಪ್ರಯಾಣಿಕರ ವಿಮಾನ ಹಾರಿಸೋಕೆ ಬ್ರಿಟನ್ 2012ರಲ್ಲಿ ಒಪ್ಪಿತು, ಹಸಿರು, ಹಳದಿ, ಕೆಂಪು ಅಂತ ಟ್ರಾಫಿಕ್ ಸಿಗ್ನಲ್ ಥರದ ನಿಯಮ ಮಾಡಿ. ಅಮೆರಿಕ 2019ರಲ್ಲಿ. ಅಷ್ಟರಲ್ಲಿ ಚರ್ಮಕ್ಕೆ ಅಂಟಿಸೋ ಸೆನ್ಸರ್ ಬಂದಿತ್ತು, ಕೆಲವು ನಿಮಿಷಕ್ಕೊಂದು ನಂಬರ್ ಕೊಡೋದು. ಇನ್ಸುಲಿನ್ ಸಿಕ್ಕಿ ಹೆಚ್ಚುಕಮ್ಮಿ ನೂರು ವರ್ಷ ಆದ ಮೇಲೆ!

8/9

ಬೆಟ್ಟದ ಕಥೆ ಬೇಗ ಹೇಳ್ತೀನಿ, ಇದನ್ನ ಎಲ್ಲರೂ ಹೇಳ್ತಾರೆ.

2006ರ ಮೇ ತಿಂಗಳಲ್ಲಿ ಆಸ್ಟ್ರಿಯಾದ ಗೆರಿ ವಿಂಕ್ಲರ್ ಎವರೆಸ್ಟ್ ತುದಿ ಮುಟ್ಟಿದರು. ಭೂಮಿ ಮೇಲಿನ ಅತಿ ತಗ್ಗಿನ ಜಾಗ ಮೃತ ಸಮುದ್ರದ ದಂಡೆಯಿಂದ ಸೈಕಲ್ಲಲ್ಲಿ ಹೊರಟು ಬಂದವರು ಅವರು. ಅದೇ ತಿಂಗಳು ಅಮೆರಿಕದ ವಿಲ್ ಕ್ರಾಸ್ ಕೂಡ ಹತ್ತಿದರು. ಇಬ್ಬರಿಗೂ ಟೈಪ್ 1.

ಅಲ್ಲಿ ಕಷ್ಟ ಬರೀ ಹತ್ತೋದಲ್ಲ. ಇನ್ಸುಲಿನ್ ಹೆಪ್ಪುಗಟ್ಟಿದ್ರೆ ಕೆಟ್ಟಂತೆ, ಕರಗಿಸಿದ್ರೂ ವಾಪಸ್ ಬರಲ್ಲ. ಅದಕ್ಕೆ ಬಟ್ಟೆಯ ಒಳಗೆ, ಮೈಗೆ ತಾಗಿಸಿ ಇಟ್ಕೋತಾರೆ. ಗ್ಲೂಕೋಮೀಟರ್ ಚಳಿಗೆ ಮುಷ್ಕರ ಹೂಡುತ್ತೆ, ಕೆಲವು ಬಗೆಯ ಸ್ಟ್ರಿಪ್ಪುಗಳು ಆಮ್ಲಜನಕ ಕಮ್ಮಿ ಇರೋ ಕಡೆ ತಪ್ಪು ನಂಬರ್ ತೋರಿಸ್ತವೆ. ನಡುಕ ಚಳಿಗೋ, ‘ಲೋ’ಗೋ, ಎತ್ತರಕ್ಕೋ, ಗೊತ್ತಾಗಲ್ಲ.

ಆದ್ರೆ ನನಗೆ ಎವರೆಸ್ಟಿಗಿಂತ ಜಾಸ್ತಿ ಹಿಡಿಸಿದ್ದು ಅದಕ್ಕೂ ಮುಂಚಿನ ಎರಡು ತಂಡ. ಐರ್ಲೆಂಡಿನ ಡಯಾಬಿಟಿಸ್ ಸಂಘದವರು ಕಿಲಿಮಂಜಾರೋಗೆ ಹೋದರು, ಇಟಲಿಯ ಟೈಪ್ 1 ಪರ್ವತಾರೋಹಿಗಳು ಚೋ ಓಯುಗೆ ಹೋದರು. ಎರಡೂ ತಂಡದ ಅಂಕಿಅಂಶ ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾಯ್ತು. ಚೆನ್ನಾಗಿದ್ದು ಮಾತ್ರ ಅಲ್ಲ. ಕಿಲಿಮಂಜಾರೋದಲ್ಲಿ ಕೀಟೋಅಸಿಡೋಸಿಸ್ ಆದವರು, ಅಂದ್ರೆ ಇನ್ಸುಲಿನ್ ಸಾಲದೆ ರಕ್ತ ಆಮ್ಲವಾಗಿ ಜೀವಕ್ಕೇ ಅಪಾಯ ಬಂದವರೂ ಇದ್ದರು, ಅದನ್ನೂ ಬರೆದರು. ರೀಲ್ಸ್‌ನಲ್ಲಿ ನಾವು ಮೇಲೆ ಹತ್ತಿದ್ದು ಮಾತ್ರ ಹಾಕ್ತೀವಿ. ಇವರು ಸೋತ ಲೆಕ್ಕಾನೂ ಹಾಕಿದರು.

ಸೈಕಲ್ಲಿಗೆ ಬಂದ್ರೆ, 2005ರಲ್ಲಿ ಫಿಲ್ ಸದರ್ಲೆಂಡ್ ಮತ್ತೆ ಜೋ ಎಲ್ಡ್ರಿಜ್ ‘ಟೀಮ್ ಟೈಪ್ 1’ ಕಟ್ಟಿದರು. ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ ಸುಮಾರು 4,800 ಕಿ.ಮೀ. ರಿಲೇ ಥರದ ರೇಸ್, 2007ರಲ್ಲಿ ಗೆದ್ದರು, ಆರು ದಿನದೊಳಗೆ.

ಕ್ರಿಕೆಟ್ ಹುಡುಗರಿಗೆ ಒಂದು. ವಾಸಿಂ ಅಕ್ರಂ. 1996ರ ವಿಶ್ವಕಪ್ ಕ್ವಾರ್ಟರ್ ಫೈನಲ್ ನಮ್ಮ ಚಿನ್ನಸ್ವಾಮಿಯಲ್ಲಿ ಆಯ್ತಲ್ಲ, ವೆಂಕಟೇಶ್ ಪ್ರಸಾದ್ ಅಮೀರ್ ಸೊಹೈಲ್‌ಗೆ ಬೋಲ್ಡ್ ಮಾಡಿ ಕಳಿಸಿದ್ದು, ಆ ದಿನ ಅಕ್ರಂ ಗಾಯ ಆಗಿ ಆಡಿರಲಿಲ್ಲ. ಮರುವರ್ಷ ಅವರಿಗೆ ಟೈಪ್ 1 ಅಂತ ಗೊತ್ತಾಯ್ತು. ಅದಾದ ಮೇಲೂ ಆಡಿ, 2003ರ ವಿಶ್ವಕಪ್‌ನಲ್ಲಿ ಏಕದಿನದ 500ನೇ ವಿಕೆಟ್ ತೆಗೆದರು. ನಮ್ಮ ಮನೇಲಿ ಅಪ್ಪ ಪಾಕಿಸ್ತಾನದ ಆಟಗಾರನೊಬ್ಬನನ್ನ ಬಾಯ್ತುಂಬ ಹೊಗಳಿದ್ದು ನಾನು ಕೇಳಿದ್ದು ಅದೊಂದೇ ಸಲ, ಅದೂ ನನಗೆ ಶುಗರ್ ಬಂದ ವಾರ.

9/9

ಇಷ್ಟೆಲ್ಲ ಓದಿ, ನೋಡಿ ಅವರೆಲ್ಲ ಮಾಡಿದಾರೆ, ನಿನಗೇನು ಕಷ್ಟ ಅಂತ ಯಾವ ಟೈಪ್ 1 ಇರೋರಿಗೂ ಹೇಳಬೇಡಿ, ದಯವಿಟ್ಟು. ಅವರ ಬಳಿ ನಂಬರ್ ಇತ್ತು. ನಂಬರಿಗೆ ದುಡ್ಡು ಬೇಕು. ಒಂದು ಸ್ಟ್ರಿಪ್ ಅಂದ್ರೆ ಹೆಚ್ಚುಕಮ್ಮಿ ಒಂದು ಟೀ, ಒಂದು ಬನ್ನಿನ ದುಡ್ಡು. ಮಾಮೂಲಿ ದಿನ ನಾನು ನಾಲ್ಕು ಸಲ ನೋಡ್ತೀನಿ. ಕುಮಾರಪರ್ವತ ಹತ್ತೋ ದಿನ ಗಂಟೆಗೊಂದು ಸಲ, ರಾತ್ರಿ ಎದ್ದು ಒಂದು ಸಲ, ಯಾಕಂದ್ರೆ ನಡೆದ ಪರಿಣಾಮ ಮಲಗಿದ ಮೇಲೂ ಇರುತ್ತೆ. ಎರಡು ದಿನದ ಟ್ರೆಕ್ಕಿಗೆ 25ರ ಒಂದು ಡಬ್ಬಿ ಖಾಲಿ. ಸೆನ್ಸರ್ ಹಾಕಿಸ್ಕೋ ಅಂತೀರಾ, ಹದಿನಾಲ್ಕು ದಿನ ಬರೋ ಒಂದಕ್ಕೆ ಸಾವಿರಗಟ್ಟಲೆ. ಧೈರ್ಯದ ಕೊರತೆಯಿಂದ ಮನೇಲಿ ಉಳಿದವರಿಗಿಂತ ಸ್ಟ್ರಿಪ್ ಕೊರತೆಯಿಂದ ಉಳಿದವರು ಜಾಸ್ತಿ ಅಂತ ನನಗನ್ಸುತ್ತೆ.

ಫ್ರಿಜ್ ಇಲ್ಲದೆ ಹೋಗೋದು ಹೇಗೆ ಅಂತ ಡಿಎಂನಲ್ಲಿ ಕೇಳಿದ್ರಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಬಳಸ್ತಿರೋದು ಸುಮಾರು ನಾಲ್ಕು ವಾರ ಹೊರಗಿರಬಹುದು, ಬಿಸಿಲು ಬೀಳಬಾರದು. ಫ್ರಿಜ್ ಇಲ್ಲದ ಊರುಗಳಲ್ಲಿ ಮಣ್ಣಿನ ಮಡಕೆಯೊಳಗೆ ಇಡೋ ಪದ್ಧತಿ ಮೊದಲಿಂದ ಇದೆ. ಕೀನ್ಯಾದ ನಿರಾಶ್ರಿತರ ಶಿಬಿರದ ಮನೆಗಳ ಬಿಸಿಲನ್ನ ಅಳೆದು, 25ರಿಂದ 37 ಡಿಗ್ರಿ ಮಧ್ಯೆ ಏರಿಳಿದ್ರೂ ನಾಲ್ಕು ವಾರ ಇನ್ಸುಲಿನ್ ಕೆಡಲ್ಲ ಅಂತ ಎಂಎಸ್‌ಎಫ್ ಮತ್ತೆ ಜಿನೀವಾ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದರು. ಅಜ್ಜಿಯರ ಮಡಕೆ ಲೆಕ್ಕ ಸರಿ ಇತ್ತು ಅನ್ನಿ. ನಾನು ಒದ್ದೆ ಬಟ್ಟೆ ಸುತ್ತಿದ ಸ್ಟೀಲ್ ಡಬ್ಬಿ ಒಯ್ತೀನಿ. ವಿಮಾನದಲ್ಲಿ ಹೋಗೋರು ಕೈಚೀಲದಲ್ಲೇ ಇಟ್ಕೊಳ್ಳಿ, ಕೆಳಗೆ ಹಾಕೋ ಲಗೇಜಲ್ಲಿ ಬೇಡ. ನಿಮ್ಮ ಡೋಸ್ ಎಷ್ಟು ಇಳಿಸಬೇಕು ಅನ್ನೋದನ್ನ ನನ್ನ ಕೇಳಬೇಡಿ, ನಾನು ಬಿಕಾಂ. ನಿಮ್ಮ ಡಾಕ್ಟರನ್ನ ಕೇಳಿ.

ಡೈವಿಂಗ್ ನಿಯಮದಲ್ಲಿ ಇನ್ನೊಂದು ಸಾಲಿದೆ. ಜೊತೆಗೆ ಇಳಿಯೋ ಗೆಳೆಯನಿಗೆ ಡಯಾಬಿಟಿಸ್ ಇರಬಾರದು, ಮತ್ತೆ ‘ಲೋ’ ಆದ್ರೆ ಏನು ಮಾಡಬೇಕು ಅಂತ ಅವನಿಗೆ ಗೊತ್ತಿರಬೇಕು. ಹಾಗಾಗಿ ಈ ಡಿಸೆಂಬರಲ್ಲಿ ನನ್ನ ಜೊತೆ ಬರೋರೆಲ್ಲ ಇದನ್ನ ಸೇವ್ ಮಾಡ್ಕೊಳ್ಳಿ. ಡಾಕ್ಟರ ಪತ್ರಕ್ಕೆ ಆಗಲೇ ಕೇಳಿದೀನಿ, ಆರು ವಾರದ ನಂಬರ್ ಬರೆದು ತಾ ಅಂದಿದಾರೆ, ಬರೀತಾ ಇದೀನಿ. ನಾನು ಬೆವರ್ತಾ, ಸುಮ್ಮಸುಮ್ಮನೆ ಸಿಡುಕ್ತಾ, ಮಾತು ತೊದಲ್ತಾ ಇದ್ರೆ ಜಗಳ ಆಡಬೇಡಿ. ಬ್ಯಾಗಿನ ಮುಂದಿನ ಜಿಪ್‌ನಲ್ಲಿ ಗ್ಲೂಕೋಸ್ ಪುಡಿ ಇದೆ. ಮೂರು ಚಮಚ, ನೀರಿಗೆ ಹಾಕಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ನಂಬರ್ ನೋಡಿ, ಏರಿಲ್ಲ ಅಂದ್ರೆ ಮತ್ತೊಂದು ಸಲ. ಆಮೇಲೆ ಬಿಸ್ಕತ್ತೋ ಚಿತ್ರಾನ್ನವೋ ಏನಾದ್ರೂ ತಿನ್ನಿಸಿ. ಚಾಕೊಲೇಟ್ ಮೊದಲು ಬೇಡ, ಅದರ ಕೊಬ್ಬಿನಿಂದ ಸಕ್ಕರೆ ನಿಧಾನ ಆಗುತ್ತೆ. ಪ್ರಜ್ಞೆ ಇಲ್ಲ ಅಂದ್ರೆ ಬಾಯಿಗೆ ಏನೂ ಹಾಕಬೇಡಿ, ಒಂದು ಪಕ್ಕಕ್ಕೆ ಮಲಗಿಸಿ, 108ಕ್ಕೆ ಫೋನ್ ಮಾಡಿ.

ಮತ್ತೆ ನನ್ನ ಚಿಕ್ಕಿ ಪ್ಯಾಕೆಟ್ ತಿನ್ನಬೇಡಿ. ಅದು ಸ್ನ್ಯಾಕ್ಸ್ ಅಲ್ಲ.

#ಟೈಪ್‌ಒನ್ #ಇನ್ಸುಲಿನ್ #ನೇತ್ರಾಣಿ #ಕುಮಾರಪರ್ವತ #ಕನ್ನಡದಲ್ಲಿಇತಿಹಾಸ